ಟೀಮ್ ಆರಿಸುವವನ ಹತ್ತಿರ ಯಾರು ಮನಸ್ಸು ಬಿಚ್ಚುತ್ತಾರೆ?

ಮಾನ್ಯ ಸಂಪಾದಕರೇ,

ಅಕ್ಟೋಬರ್ 10 ಬಂತೆಂದರೆ ಕಾಲೇಜುಗಳಲ್ಲಿ ಒಂದು ಕಾರ್ಯಕ್ರಮ ಗ್ಯಾರಂಟಿ. ವಿಶ್ವ ಮಾನಸಿಕ ಆರೋಗ್ಯ ದಿನ. ಬ್ಯಾನರ್ ಕಟ್ಟುತ್ತಾರೆ, ದೀಪ ಹಚ್ಚುತ್ತಾರೆ, ಅತಿಥಿಗಳ ಭಾಷಣ, ಆಮೇಲೆ ಪ್ರತಿಜ್ಞೆ, ಗ್ರೂಪ್ ಫೋಟೊ. ಅತಿಥಿಗಳು ಹೇಳುವುದೂ ಹೆಚ್ಚುಕಮ್ಮಿ ಪ್ರತಿ ವರ್ಷ ಒಂದೇ. "ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಬೇಡಿ ಮಕ್ಕಳೇ, ಯಾರ ಹತ್ತಿರವಾದರೂ ಹೇಳಿಕೊಳ್ಳಿ." ಹಿಂದಿನ ಸಾಲಿನಲ್ಲಿ ಟ್ರ್ಯಾಕ್ ಸೂಟ್ ಹಾಕಿಕೊಂಡು ಕೂತ ನಮ್ಮ ಸ್ಪೋರ್ಟ್ಸ್ ಹುಡುಗರು ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. (ಅವರನ್ನು ಕರೆಸುವುದೇ ಹಾಲ್ ತುಂಬಲಿ ಅಂತ, ಅದು ಬೇರೆ ಮಾತು.)

ಯಾರ ಹತ್ತಿರ ಹೇಳಿಕೊಳ್ಳಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಹುಡುಗರ ಬಾಯಲ್ಲಿ ಪಿ.ಡಿ. ಸರ್. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಟೀಮಿನ ಪಟ್ಟಿ ಬರೆಯುವವನು ನಾನು. ಹಾಜರಾತಿ ಕಮ್ಮಿ ಬಿದ್ದರೆ ಪ್ರಿನ್ಸಿಪಾಲರ ಹತ್ತಿರ ಹೋಗಿ "ಮೀಟ್‌ಗೆ ಹೋಗಿದ್ದ ಸರ್" ಅಂತ ಹೇಳುವವನೂ ನಾನೇ. ಸ್ಪೋರ್ಟ್ಸ್ ಕೋಟಾದಲ್ಲಿ ಯಾರಿಗೆ ಸೀಟು ಕೊಡಬೇಕು, ಯಾರಿಗೆ ಹಾಸ್ಟೆಲ್ ಫೀಸ್ ಬಿಡಬೇಕು, ಮುಂದಿನ ವರ್ಷ ಇವನನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಆಡಳಿತ ಮಂಡಳಿಯವರು ಕೇಳುವುದೂ ನನ್ನನ್ನೇ. ಇಷ್ಟೆಲ್ಲ ಆದಮೇಲೆ, ಕಾಲೇಜಿಗೆ ದರ್ಜೆ ಕೊಡಲು ಬರುವ ನ್ಯಾಕ್‌ನವರಿಗೆ ತೋರಿಸುವ ಫೈಲಿನಲ್ಲಿ ಕ್ರೀಡಾ ವಿದ್ಯಾರ್ಥಿಗಳ 'ಮೆಂಟರ್' ಅಂತ ಇರುವ ಹೆಸರೂ ನನ್ನದೇ.

ಈಗ ನೀವೇ ಹೇಳಿ. ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಸ್ಟಾರ್ಟಿಂಗ್ ಬ್ಲಾಕ್ ಹತ್ತಿರ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಯಾಕಾದರೂ ಬೆಳಗಾಗುತ್ತೋ ಅನ್ನಿಸುತ್ತದೆ ಅಂತ ಒಬ್ಬ ಹುಡುಗ ನನ್ನ ಹತ್ತಿರ ಬಂದು ಹೇಳುತ್ತಾನಾ? ಹೇಳಿದರೆ ನಾಳೆ ಪಟ್ಟಿಯಲ್ಲಿ ತನ್ನ ಹೆಸರು ಇರುತ್ತೋ ಇಲ್ಲವೋ ಅನ್ನುವ ಲೆಕ್ಕ ಅವನ ತಲೆಯಲ್ಲಿ ಇದ್ದೇ ಇರುತ್ತದೆ. ನಾನು ಎಷ್ಟೇ ಒಳ್ಳೆಯವನಾಗಿದ್ದರೂ ಆ ಲೆಕ್ಕ ತಪ್ಪಲ್ಲ. ನಾಳೆ ಯೂನಿವರ್ಸಿಟಿ ಮೀಟ್ ಇದ್ದರೆ, ಇವನು ಓಡುತ್ತಾನೋ ಇಲ್ಲವೋ ಅನ್ನುವ ಅನುಮಾನ ಇದ್ದರೆ, ನಾನು ಇನ್ನೊಬ್ಬನನ್ನೇ ಹಾಕುತ್ತೇನೆ. ನನ್ನ ಕೆಲಸವೇ ಅದು.

ಹೊರಗಿನವರಿಗೆ ಇದು ಅತಿ ಅನ್ನಿಸಬಹುದು. ಒಂದು ಮೀಟ್ ತಪ್ಪಿದರೆ ಏನಾಯ್ತು, ಆ ಟೈಮಲ್ಲಿ ಓದಿಕೊಳ್ಳಲಿ ಅಂತ. ಆದರೆ ನಮ್ಮ ಕಾಲೇಜುಗಳ ಒಳ್ಳೆಯ ಆಟಗಾರರು ಎಂಥ ಮನೆಗಳಿಂದ ಬರುತ್ತಾರೆ ಅಂತ ನೋಡಬೇಕು. ಹೈಸ್ಕೂಲಿಗೇ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗೆ ಸೆಲೆಕ್ಟ್ ಆಗಿ ಮನೆ ಬಿಟ್ಟವರು ಇದ್ದಾರೆ. ಅಪ್ಪ ಅಮ್ಮ ಕೂಲಿ, ಇಲ್ಲವೆಂದರೆ ಮಳೆ ನಂಬಿದ ಒಂದೆರಡು ಎಕರೆ. ಕಾಲೇಜಿಗೆ ಬರುವುದು ದತ್ತು ಯೋಜನೆಯಲ್ಲಿ. ಫೀಸ್ ಇಲ್ಲ, ಹಾಸ್ಟೆಲ್ ಫ್ರೀ, ಬೆಳಗಿನ ಮೊಟ್ಟೆ ಹಾಲು ಕಾಲೇಜಿನದ್ದು, ಬದಲಿಗೆ ಮೆಡಲ್ ಬರಬೇಕು. ಈ ಯೋಜನೆಗಳನ್ನು ನಾನು ಬೈಯುತ್ತಿಲ್ಲ. ಇವು ಇಲ್ಲದಿದ್ದರೆ ಈ ಮಕ್ಕಳಲ್ಲಿ ಮುಕ್ಕಾಲು ಪಾಲು ಡಿಗ್ರಿಯ ಮುಖವನ್ನೇ ನೋಡುತ್ತಿರಲಿಲ್ಲ. ಆದರೆ ಅನ್ನ, ಹಾಸಿಗೆ, ಓದು, ಮುಂದೆ ಸಿಗಬಹುದಾದ ರೈಲ್ವೆ ಅಥವಾ ಪೊಲೀಸ್ ಕೆಲಸ, ಎಲ್ಲವೂ ಒಂದೇ ದಾರಕ್ಕೆ ಕಟ್ಟಿದ್ದಾಗ ಆ ದಾರ ಅಲುಗಾಡುವ ಯಾವ ಮಾತನ್ನೂ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಕ್ರೀಡಾ ಯೋಜನೆಯ ಪಟ್ಟಿಯಲ್ಲಿ ಇರುವವರಿಗೆ ಕೈಖರ್ಚಿಗೆ ಅಂತ ತಿಂಗಳಿಗೆ 10,000 ರೂಪಾಯಿ ಬರುತ್ತದೆ. ಅದರಲ್ಲಿ ಮನೆ ನಡೆಸುವ ಮಕ್ಕಳಿದ್ದಾರೆ. ಪ್ರದರ್ಶನ ಇಳಿದರೆ ಆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ, ಅದೂ ಅವರಿಗೆ ಗೊತ್ತು.

ಗಾಯದ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಯಾಕೆಂದರೆ ನಾನು ನೋಡಿದ ಹಾಗೆ ಹೆಚ್ಚಿನವರು ಕುಸಿಯುವುದು ಇಲ್ಲೇ.

ಕಬಡ್ಡಿ ಮ್ಯಾಟ್ ಮೇಲೆ ಕಾಲು ಸಿಕ್ಕಿ ಮಂಡಿ ತಿರುಗಿತು ಅಂತಿಟ್ಟುಕೊಳ್ಳಿ. ಎಂಆರ್‌ಐ ಮಾಡಿಸಿದರೆ ಎಸಿಎಲ್ ಅನ್ನುವ ಮಂಡಿಯ ಲಿಗಮೆಂಟ್ ಹರಿದಿದೆ. ಆಪರೇಷನ್ ಆದರೆ ಮತ್ತೆ ಮ್ಯಾಟಿಗೆ ಇಳಿಯಲು ಕಮ್ಮಿ ಅಂದರೂ 9 ತಿಂಗಳು ಬೇಕು, ಕೆಲವರಿಗೆ ಒಂದು ವರ್ಷ. ಡಿಗ್ರಿ ಇರುವುದೇ ಮೂರು ವರ್ಷ. ಅಂದರೆ ಮೂರರಲ್ಲಿ ಒಂದು ಸೀಸನ್ ಹೋಯಿತು. ಆಗ ಎಷ್ಟೋ ಕಾಲೇಜುಗಳಲ್ಲಿ ಏನು ಮಾಡುತ್ತಾರೆ? "ಮನೆಗೆ ಹೋಗಿ ರೆಸ್ಟ್ ತಗೋ" ಅಂತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹಾಸ್ಟೆಲ್ಲಿನ ಆ ಮಂಚಕ್ಕೆ ಇನ್ನೊಬ್ಬ ರೈಡರ್ ಬಂದಿರುತ್ತಾನೆ. ಹುಡುಗ ಊರಿಗೆ ಹೋಗಿ ಕಾಲು ಚಾಚಿ ಮಲಗುತ್ತಾನೆ. ಬೆಳಗಿನ ಜಾವದ ವಿಸಿಲ್ ಇಲ್ಲ, ಮೆಸ್ಸಿನ ಗಲಾಟೆ ಇಲ್ಲ, ರೂಮ್‌ಮೇಟ್‌ಗಳಿಲ್ಲ. ಮೊಬೈಲ್ ತೆಗೆದರೆ ವಾಟ್ಸಾಪ್ ಗ್ರೂಪಿನಲ್ಲಿ ಟೀಮ್ ಟ್ರೈನ್ ಹತ್ತಿದ ಫೋಟೊ. ಬಂದವರೆಲ್ಲ ಕೇಳುವುದು "ಮತ್ತೆ ಆಡ್ತೀಯೇನೋ ಇನ್ಮೇಲೆ?" ಎಂಟನೇ ಕ್ಲಾಸಿನಿಂದ ಊರೆಲ್ಲ ಕಬಡ್ಡಿ ಹುಡುಗ ಅಂತಲೇ ಕರೆದವನಿಗೆ, ಕಬಡ್ಡಿ ತೆಗೆದರೆ ತಾನು ಯಾರು ಅಂತ ಅವನಿಗೇ ಗೊತ್ತಿರುವುದಿಲ್ಲ. ಫಿಸಿಯೋ ಹತ್ತಿರ ಹೋದಾಗ ಅವರು ಊತ ಎಷ್ಟಿದೆ, ಮಂಡಿ ಎಷ್ಟು ಮಡಚುತ್ತೆ ಅಂತ ಅಳತೆ ಮಾಡುತ್ತಾರೆ. ಮನಸ್ಸು ಹೇಗಿದೆ ಅಂತ ಕೇಳುವವರು ಯಾರೂ ಇಲ್ಲ.

ಆಮೇಲೆ ಬರುತ್ತದೆ ಇನ್ನೊಂದು ಹಂತ, ಅದು ಇನ್ನೂ ಕಷ್ಟ. ಡಾಕ್ಟರ್ ಮಂಡಿ ಸರಿಯಾಗಿದೆ ಅಂತ ಬರೆದು ಕೊಡುತ್ತಾರೆ. ಹುಡುಗ ಗ್ರೌಂಡಿಗೆ ಬರುತ್ತಾನೆ, ಆದರೆ ರೈಡ್‌ಗೆ ಹೋಗುವುದಿಲ್ಲ. ಹೋದರೂ ಬೋನಸ್ ಲೈನ್ ಮುಟ್ಟದೆ ವಾಪಸ್. ಕಾಲು ಗಟ್ಟಿಯಾಗಿದೆ, ಆದರೆ ಭಯ ಹೋಗಿಲ್ಲ. ಇದು ಗಾಯದ ಮುಂದುವರಿದ ಭಾಗವೇ. ನಮ್ಮ ಗ್ರೌಂಡಿನಲ್ಲಿ ಇದಕ್ಕೆ ಹೇಳುವುದು 'ಡ್ರಾಮಾ'. "ರಿಪೋರ್ಟ್ ನಾರ್ಮಲ್ ಇದೆ, ಇವನದ್ದು ಡ್ರಾಮಾ." ಒಂದೆರಡು ತಿಂಗಳಲ್ಲಿ ಆ ಹುಡುಗ ಗ್ರೌಂಡಿಗೆ ಬರುವುದನ್ನೇ ನಿಲ್ಲಿಸುತ್ತಾನೆ, ಆಮೇಲೆ ಕ್ಲಾಸಿಗೂ. ಹೀಗೆ ಡಿಗ್ರಿ ಅರ್ಧಕ್ಕೆ ಬಿಟ್ಟವರನ್ನು ಯಾವ ರಿಜಿಸ್ಟರಿನಲ್ಲೂ ಮಾನಸಿಕ ಆರೋಗ್ಯ ಅನ್ನುವ ಕಾರಣಕ್ಕೆ ಬರೆದಿರುವುದಿಲ್ಲ. 'ಲೆಫ್ಟ್' ಅಂತ ಬರೆದಿರುತ್ತದೆ ಅಷ್ಟೇ.

ಕುಸ್ತಿ, ಜೂಡೊ, ಬಾಕ್ಸಿಂಗ್, ವೇಟ್‌ಲಿಫ್ಟಿಂಗ್ ಮಕ್ಕಳದ್ದು ಬೇರೆಯೇ ಕಥೆ. ತಮ್ಮ ತೂಕದ ವಿಭಾಗಕ್ಕೆ ಸರಿಹೊಂದಲು ತೂಕ ಇಳಿಸುವುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕೆಜಿ ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಜಾಸ್ತಿ ತೂಗಿದರು ಅಂತ ದೇಶವೆಲ್ಲ ಅತ್ತಿತು. ಡಾಕ್ಟರು, ಆಹಾರ ತಜ್ಞರು ಪಕ್ಕದಲ್ಲೇ ಇದ್ದವರ ಪಾಡೇ ಅದು. ನಮ್ಮ ಮಕ್ಕಳು ಟ್ರೈನಿನ ಜನರಲ್ ಬೋಗಿಯಲ್ಲಿ ಊಟ ನೀರು ಬಿಟ್ಟು, ರೇನ್‌ಕೋಟ್ ಹಾಕಿಕೊಂಡು ಪ್ಲಾಟ್‌ಫಾರಂ ಮೇಲೆ ಓಡಿ, ಉಗುಳು ನುಂಗದೆ ಉಗಿದು ಉಗಿದು ಇಂಟರ್ ಯೂನಿವರ್ಸಿಟಿಗೆ ತೂಕ ಕೊಡುತ್ತಾರೆ. ಹೀಗೆ ವರ್ಷಕ್ಕೆ ಎಷ್ಟೋ ಸಲ. ಹೊಟ್ಟೆಗಿಲ್ಲದವನಿಗೆ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ಸಣ್ಣದಕ್ಕೂ ಅಳು ಬರುತ್ತದೆ. ಇದಕ್ಕೆ ಮನೋವಿಜ್ಞಾನ ಓದಿರಬೇಕಿಲ್ಲ. ಆದರೆ ಆ ಹುಡುಗ ಹಾಸ್ಟೆಲ್‌ನಲ್ಲಿ ಯಾರ ಮೇಲಾದರೂ ರೇಗಿದರೆ 'ಕೊಬ್ಬು' ಅಂತಾರೆ.

ಹುಡುಗಿಯರಿಗೆ ಇದೆಲ್ಲದರ ಮೇಲೆ ಇನ್ನೊಂದು ಪದರ ಇದೆ. ಕಪ್ಪಾಗ್ತೀಯ, ಗಂಡುಬೀರಿ ಹಾಗೆ ಆಗ್ತೀಯ, ಮುಂದೆ ಯಾರು ಮದುವೆ ಆಗ್ತಾರೆ. ಇದನ್ನು ಮನೆಯಲ್ಲೂ ಕೇಳಬೇಕು, ಬಸ್ ಸ್ಟ್ಯಾಂಡಿನಲ್ಲೂ ಕೇಳಬೇಕು. ತಿನ್ನುವುದು ಕಮ್ಮಿ, ಓಡುವುದು ಜಾಸ್ತಿ ಆಗಿ ತಿಂಗಳ ಮುಟ್ಟು ನಿಂತು ಹೋದರೂ ಪುರುಷ ಕೋಚ್ ಹತ್ತಿರ ಹೇಳುವ ಹಾಗಿಲ್ಲ. ಆ ಮನಸ್ಥಿತಿಯಲ್ಲಿ 'ಡಿಪ್ರೆಷನ್' ಅನ್ನುವ ಮಾತೂ ಸೇರಿದರೆ ಮನೆಯವರು ನೇರವಾಗಿ ಬಂದು ಕರೆದುಕೊಂಡು ಹೋಗುತ್ತಾರೆ. ಎರಡನೇ ವರ್ಷದಲ್ಲೇ ಮದುವೆ. ಹಾಗಾಗಿ ಅವರು ಹುಡುಗರಿಗಿಂತ ಚೆನ್ನಾಗಿ ಮುಚ್ಚಿಡುತ್ತಾರೆ.

ಇನ್ನು ನಮ್ಮ ಜನರ ತಮಾಷೆ. ಉತ್ತರ ಕರ್ನಾಟಕದ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಅಂತಾರೆ, ನಮ್ಮ ಕಡೆ "ನಿಮ್ಹಾನ್ಸ್‌ಗೆ ಸೇರಿಸ್ರೋ". ನಗುತ್ತಲೇ ಹೇಳುತ್ತಾರೆ. ಗ್ರೌಂಡಿನಲ್ಲಂತೂ ದಿನಕ್ಕೆ ಹತ್ತು ಸಲ ಕೇಳುವ ಮಾತು. ಇದನ್ನೇ ಕೇಳಿ ಬೆಳೆದ ಹುಡುಗ, ನಿಜವಾಗಿ ಅಲ್ಲಿಗೆ ಹೋಗಬೇಕಾದಾಗ ಬಸ್ ಹತ್ತುತ್ತಾನಾ? ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇವತ್ತು ದೇಶದಲ್ಲೆಲ್ಲ ಇದೆಯಲ್ಲ, ಅದನ್ನು ನಿಮ್ಹಾನ್ಸ್‌ನವರು ಮೊದಲು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲಿ ಆ ಸಂಸ್ಥೆಗಳ ಹೆಸರು ಬೈಗುಳವಾಗಿ ಉಳಿದಿದೆ.

ದೊಡ್ಡವರು ಮಾತಾಡಿದ್ದಾರೆ, ನಿಜ. ನಮ್ಮ ಕೊಡಗಿನ ಕ್ರಿಕೆಟಿಗ ರಾಬಿನ್ ಉತ್ತಪ್ಪ 2020ರಲ್ಲಿ ತಮ್ಮ ಖಿನ್ನತೆಯ ಬಗ್ಗೆ, ಸಾಯುವ ಯೋಚನೆಗಳು ಬರುತ್ತಿದ್ದ ದಿನಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳಿದರು. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ತಾನು ಖಿನ್ನತೆಗೆ ಒಳಗಾಗಿದ್ದೆ ಅಂತ ವಿರಾಟ್ ಕೊಹ್ಲಿ ಹೇಳಿದ್ದಾರೆ. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಶೂಟರ್ ಅಭಿನವ್ ಬಿಂದ್ರಾ, ಗೆದ್ದ ಮೇಲೆಯೇ ಎಲ್ಲ ಖಾಲಿ ಖಾಲಿ ಅನ್ನಿಸಿದ್ದನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ತಂಡದ ಫೈನಲ್‌ನ ಮಧ್ಯದಲ್ಲೇ ಹಿಂದೆ ಸರಿದರು, ಮೂರು ವರ್ಷದ ನಂತರ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ನಾನು ಇವೆಲ್ಲವನ್ನೂ ಹುಡುಗರಿಗೆ ಹೇಳುತ್ತೇನೆ. ಅವರು ತಲೆ ಆಡಿಸುತ್ತಾರೆ. ಒಂದು ಸಲ ಒಬ್ಬ ಹುಡುಗ ಮೆಲ್ಲಗೆ ಹೇಳಿದ: "ಅವರು ಹೆಸರು ಮಾಡಿದವರು ಸಾರ್, ಹೇಳಿದ್ರೂ ನಡೆಯುತ್ತೆ." ಅವನು ಹೇಳಿದ್ದು ಸರಿ. ಬಿ.ಎ. ಎರಡನೇ ವರ್ಷದ ಹುಡುಗ ಹಿಂದೆ ಸರಿದರೆ ಅವನಿಗೆ ಮೂರು ವರ್ಷ ಯಾರೂ ಕಾಯುವುದಿಲ್ಲ.

ಸರಿ, ಒಬ್ಬ ಧೈರ್ಯ ಮಾಡಿ ಡಾಕ್ಟರ್ ಹತ್ತಿರ ಹೊರಟ ಅಂತಿಟ್ಟುಕೊಳ್ಳೋಣ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮಂಗಳವಾರ ಮನೋವೈದ್ಯರು ಬಂದು ನೋಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಸಣ್ಣ ಊರು. ಮಂಗಳವಾರ ಆ ಬಾಗಿಲ ಮುಂದೆ ಕೂತವರನ್ನು ಇಡೀ ಊರು ನೋಡುತ್ತದೆ. ಚೀಟಿ ಬರೆಯುವವರು ಯಾರದೋ ಚಿಕ್ಕಪ್ಪ ಆಗಿರುತ್ತಾರೆ. ಇಷ್ಟಾದ ಮೇಲೂ ತೋರಿಸಿಕೊಂಡ ಅಂದರೆ ಕಾಲೇಜಿಗೆ ಮೆಡಿಕಲ್ ಸರ್ಟಿಫಿಕೇಟ್ ಬೇಕಲ್ಲ. ಮಂಡಿ ನೋವಾದರೆ ಲಿಗಮೆಂಟ್ ಅಂತ ಬರೆಸಬಹುದು. ಇದಕ್ಕೆ ಏನಂತ ಬರೆಸುವುದು? ನನ್ನ ಟೇಬಲ್ ಮೇಲೆ ಬರುವ 'ವೈರಲ್ ಫೀವರ್' ಸರ್ಟಿಫಿಕೇಟ್‌ಗಳಲ್ಲಿ ಎಲ್ಲವೂ ಜ್ವರ ಅಲ್ಲ ಅನ್ನುವುದು ನನಗೆ ಗೊತ್ತು.

ಮಾತ್ರೆಯ ಭಯ ಇನ್ನೊಂದು. ಈಗ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲೂ ಡೋಪ್ ಟೆಸ್ಟ್ (ನಿಷೇಧಿತ ಮದ್ದಿನ ಪರೀಕ್ಷೆ) ಇದೆ. ಡಿಪ್ರೆಷನ್ ಮಾತ್ರೆ ತಿಂದರೆ ಸಿಕ್ಕಿಬೀಳುತ್ತೇವೆ ಅಂತ ಮಕ್ಕಳು ನಂಬಿದ್ದಾರೆ, ಕೆಲವು ಕೋಚ್‌ಗಳೂ ನಂಬಿದ್ದಾರೆ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳು ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಎದೆ ಬಡಿತ, ಕೈ ನಡುಕಕ್ಕೆ ಅಂತ ಕೊಡುವ ಪ್ರೊಪ್ರನೊಲಾಲ್ ಶೂಟಿಂಗ್ ಮತ್ತು ಬಿಲ್ಲುಗಾರಿಕೆಯವರಿಗೆ ನಿಷಿದ್ಧ. ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಕೊಡುವ ಮೀಥೈಲ್‌ಫೆನಿಡೇಟ್ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧ. ಅಂಥ ಮಾತ್ರೆ ಬೇಕೇ ಬೇಕು ಅಂದರೆ ಮೊದಲೇ ಅನುಮತಿ ಕೇಳುವ ದಾರಿಯೂ ಇದೆ. ಆದ್ದರಿಂದ ಡಾಕ್ಟರಿಗೆ ಮೊದಲೇ ನಾನು ಕ್ರೀಡಾಪಟು, ಈ ಆಟ ಆಡುತ್ತೇನೆ ಅಂತ ಹೇಳಬೇಕು, ಆಗ ಅವರು ನೋಡಿ ಕೊಡಬಹುದು. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಮಾತ್ರೆಯನ್ನು ಮಧ್ಯದಲ್ಲೇ ನಿಲ್ಲಿಸುವವರು ಇದ್ದಾರೆ. ಹಾಗೆ ಏಕಾಏಕಿ ನಿಲ್ಲಿಸುವುದು ಅಪಾಯ.

ಕಾನೂನು ಇಲ್ಲವೇ ಅಂದರೆ, ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡುವುದು ರೋಗಿಯ ಹಕ್ಕು ಅನ್ನುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಲೇಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಕೊಡಬೇಕು ಅಂತ ಹೇಳಿದೆ. ಓದಿದಾಗ ಖುಷಿ ಆಯಿತು. ಆಮೇಲೆ ನಮ್ಮ ಕಾಲೇಜುಗಳು ಇದನ್ನು ಹೇಗೆ ಪಾಲಿಸುತ್ತವೆ ಅಂತ ಯೋಚಿಸಿದೆ. ಯಾರಾದರೂ ಗೆಸ್ಟ್ ಲೆಕ್ಚರರ್ ಹೆಸರನ್ನು ಬೋರ್ಡಿನ ಮೇಲೆ ಬರೆದು ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕುರ್ಚಿ ಹಾಕುತ್ತಾರೆ. ಕ್ರೀಡಾ ವಿದ್ಯಾರ್ಥಿಗಳ ಪಾಲಿಗೆ ಆ ಕುರ್ಚಿಯಲ್ಲಿ ಕೂರುವವನು ನಾನೇ ಆಗುವ ಸಂಭವವೇ ಜಾಸ್ತಿ!

ಅದಕ್ಕೇ ನನ್ನ ಒತ್ತಾಯ ಒಂದೇ. ಕೇಳಿಸಿಕೊಳ್ಳುವವರು ಬೇರೆ, ಆರಿಸುವವರು ಬೇರೆ ಇರಲಿ. ಆಟಗಾರ ಸಮಾಲೋಚಕರ ಹತ್ತಿರ ಆಡಿದ ಮಾತು ಪಿ.ಡಿ.ಗೂ ಬರಬಾರದು, ಕೋಚಿಗೂ ಹೋಗಬಾರದು, ಜೀವಕ್ಕೇ ಅಪಾಯ ಅನ್ನುವ ಸಂದರ್ಭ ಬಿಟ್ಟು. ಪ್ರತಿ ಕಾಲೇಜಿಗೂ ಪ್ರತ್ಯೇಕ ಸಮಾಲೋಚಕರನ್ನು ಇಡಲು ದುಡ್ಡಿಲ್ಲ ಅನ್ನುತ್ತೀರಾ? ವಿಶ್ವವಿದ್ಯಾಲಯದ ಕ್ರೀಡಾ ವಿಭಾಗವೇ ಇಬ್ಬರನ್ನು ಇಡಲಿ, ಅದರಲ್ಲಿ ಒಬ್ಬರು ಮಹಿಳೆ ಇರಲಿ. ಅವರು ಫೋನಿನಲ್ಲೇ ಸಿಗಲಿ, ಯೂನಿವರ್ಸಿಟಿ ಟೀಮ್ ಕ್ಯಾಂಪ್ ನಡೆಯುವಾಗ ಬಂದು ಹೋಗಲಿ. ಟೀಮಿನ ಜೊತೆ ಮ್ಯಾನೇಜರ್ ಹೆಸರಲ್ಲಿ ಟೂರ್ ಹೋಗಿ ಬರುವವರ ಖರ್ಚಿಗೆ ದುಡ್ಡು ಸಿಗುತ್ತದೆ, ಇದಕ್ಕೂ ಸಿಗುತ್ತದೆ.

ನಮ್ಮಂಥ ಪಿ.ಡಿ.ಗಳು, ಕೋಚ್‌ಗಳು ಕೈಕಟ್ಟಿ ಕೂರಬೇಕು ಅಂತಲ್ಲ. ದಿನಾ ಎರಡು ಹೊತ್ತು ಮಕ್ಕಳನ್ನು ನೋಡುವವರು ನಾವು. ಯಾರ ಟೈಮಿಂಗ್ ಕಾರಣ ಇಲ್ಲದೆ ಬೀಳುತ್ತಿದೆ, ಯಾರು ಟೀಮಿನ ಜೊತೆ ಊಟಕ್ಕೆ ಕೂರುತ್ತಿಲ್ಲ ಅಂತ ಮೊದಲು ಕಾಣುವುದು ನಮಗೇ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೋಚ್‌ಗಳಿಗೆ, ಮನೆಯವರಿಗೆ ಅಂತಲೇ ಇಂಥ ಲಕ್ಷಣಗಳನ್ನು ಗುರುತಿಸುವ ಒಂದು ಚಿಕ್ಕ ಕೈಪಿಡಿ ಮಾಡಿದೆ, ದುಡ್ಡು ಕೊಡಬೇಕಿಲ್ಲ. ಅದನ್ನು ಕ್ರೀಡಾ ಇಲಾಖೆ ಕನ್ನಡಕ್ಕೆ ತಂದು ಎಲ್ಲ ಕ್ರೀಡಾ ಹಾಸ್ಟೆಲ್ ವಾರ್ಡನ್‌ಗಳಿಗೆ ಕೊಟ್ಟರೆ ಎಷ್ಟು ಖರ್ಚಾದೀತು? ನೋಡಿ ಗುರುತಿಸುವುದು ನಮ್ಮ ಕೆಲಸ. ಕೂರಿಸಿಕೊಂಡು ಮಾತಾಡಿಸುವುದು ಬೇರೆಯವರ ಕೆಲಸ ಆಗಬೇಕು.

ಇನ್ನೊಂದು ವಿಷಯ ಕಾಲೇಜು ಆಡಳಿತ ಮಂಡಳಿಗಳಿಗೆ. ಜೂನ್ ತಿಂಗಳಲ್ಲಿ ದತ್ತು ಯೋಜನೆಗೆ ಅಡ್ಮಿಷನ್ ಮಾಡಿಕೊಳ್ಳುವಾಗ ಮಕ್ಕಳಿಂದ, ಪೋಷಕರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತೀರಿ. ಪ್ರಾಕ್ಟೀಸ್ ತಪ್ಪಿಸುವುದಿಲ್ಲ, ಬೇರೆ ಕಾಲೇಜಿಗೆ ಹೋಗುವುದಿಲ್ಲ, ಶಿಸ್ತು ಮೀರಿದರೆ ಹೊರಗೆ, ಇತ್ಯಾದಿ. ಅದೇ ಪತ್ರದಲ್ಲಿ ನಿಮ್ಮ ಕಡೆಯಿಂದಲೂ ಒಂದು ಸಾಲು ಸೇರಿಸಿ: ಗಾಯವಾಗಲಿ, ಮನಸ್ಸಿನ ಕಾಯಿಲೆಯಾಗಲಿ, ಚಿಕಿತ್ಸೆಯಲ್ಲಿರುವ ವಿದ್ಯಾರ್ಥಿಯ ಹಾಸ್ಟೆಲ್ ಮತ್ತು ಫೀಸ್ ರಿಯಾಯಿತಿಯನ್ನು ಒಂದು ಪೂರ್ತಿ ವರ್ಷ ಮುಟ್ಟುವುದಿಲ್ಲ. ಬರೀ ಬಾಯಿಮಾತಲ್ಲಿ ಬೇಡ, ಸಹಿ ಸೀಲು ಹಾಕಿ ಕೊಡಿ. ಆ ಸಾಲು ಇದ್ದರೆ ಅಕ್ಟೋಬರ್ 10ರ ಭಾಷಣದಲ್ಲಿ ಅರ್ಧ ನಿಲ್ಲಿಸಿದರೂ ಪರವಾಗಿಲ್ಲ.

ಕೊನೆಗೆ ನಿಮ್ಮ ಪತ್ರಿಕೆಗೂ ಒಂದು ಮಾತು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾಗಿದ್ದು. ಫ್ರೀ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡಿದರೆ ಪಿ.ಡಿ. ಸರ್‌ಗೆ ಗೊತ್ತಾಗುವುದಿಲ್ಲ, ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ. ಈ ನಂಬರನ್ನು ಆರೋಗ್ಯ ಪುರವಣಿಯಲ್ಲಿ ಹಾಕುತ್ತೀರಿ, ಆ ಪುಟವನ್ನು ನಮ್ಮ ಹುಡುಗರು ತೆರೆಯುವುದೇ ಇಲ್ಲ. ಅವರು ಪೇಪರನ್ನು ಹಿಂದಿನಿಂದ ಓದುವವರು. ದಯವಿಟ್ಟು ಕ್ರೀಡಾ ಪುಟದಲ್ಲಿ, ಸ್ಕೋರ್ ಪಟ್ಟಿಯ ಕೆಳಗೆ ಹಾಕಿ.

ಇಂತಿ,
ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕ
ಹಾಸನ ಜಿಲ್ಲೆ